ಮೂರು ಸಲ ಎಳೆದರೆ

ಯುಗಾದಿ ಕಳೆದು ಒಂಬತ್ತು ದಿನವಾಗಿತ್ತು. ಹೊತ್ತು ಮಾರುದ್ದ ಏರಿದಾಗ ಆ ಮೋಟಾರು ಬೆಂಗೇರಿಯ ಬಯಲಿಗೆ ಬಂದು ನಿಂತಿತು. ದೊಡ್ಡ ಯುದ್ಧ ಮುಗಿದ ಮರುವರ್ಷ ಅದು. ಮಿಲಿಟರಿಯವರು ತಮಗೆ ಬೇಡಾದ ಗಾಡಿಗಳನ್ನೆಲ್ಲ ಲಿಲಾವಿಗೆ ಹಾಕುತ್ತಿದ್ದರು. ಇದು ಗಾಡಿಯೂ ಹೌದು, ಮನೆಯೂ ಹೌದು. ಮುಂದೆ ಡ್ರೈವರನ ಸೀಟು, ಹಿಂದೆ ಕಟ್ಟಿಗೆಯ ಕೋಣೆ. ಕೋಣೆಯೊಳಗೆ ಮಲಗುವ ಹಲಗೆ, ಎರಡು ಗೂಡು, ನೀರಿಗೊಂದು ತಗಡಿನ ಪೀಪಾಯಿ. ಯುದ್ಧಕ್ಕೆ ಮೊದಲು ಯಾವನೋ ಸಾಹೇಬನ ಮನೆಯವರು ಇದರಲ್ಲಿ ಊರೂರು ತಿರುಗಿದ್ದರಂತೆ. ಯಾರು, ಯಾಕೆ ಎಂಬುದು ಲಿಲಾವಿನವರಿಗೂ ಗೊತ್ತಿರಲಿಲ್ಲ.

ಕೊಂಡವನು ಬಡಿಗತನ ಮಾಡುವ ಗಂಗಪ್ಪ. ಅವನ ಹೆಂಡತಿ ಕಸ್ತೂರೆವ್ವನಿಗೆ ದಸರೆಯಿಂದ ಎದೆಯ ಬೇನೆ. ಇದಕ್ಕೆ ಬಯಲುಗಾಳಿಯೇ ಮದ್ದು, ಓಣಿಯಿಂದ ದೂರ ಇಡು ಎಂದು ಡಾಕ್ಟರು ಹೇಳಿದ್ದರು. ಅವರು ಹೇಳುವ ಮೊದಲೇ ಓಣಿಯ ಹೆಂಗಸರು ಅವಳು ಬಂದರೆ ನಳದ ಹತ್ತಿರದ ಕೊಡ ಸರಿಸಿಕೊಳ್ಳುತ್ತಿದ್ದರು. ಧಾರವಾಡದ ಆಚೆ ಕೆಲಗೇರಿ ಕೆರೆಯ ದಂಡೆಗೆ ಮೋಟಾರು ನಿಲ್ಲಿಸಿ, ಅವಳ ಎದೆ ಹಗುರಾಗುವ ತನಕ ಇಬ್ಬರೂ ಅಲ್ಲಿರುವುದು ಎಂದು ಗಂಗಪ್ಪ ಗಟ್ಟಿ ಮಾಡಿದ್ದ. ಕಸ್ತೂರೆವ್ವ ಒಂದೇ ಮಾತು ಕೇಳಿದ್ದಳು. "ಬರತೇನ್ರಿ. ಆದ್ರ ನನ್ನ ಅದರಾಗ ಇಟ್ಟು ಮರೀಬ್ಯಾಡ್ರಿ."

ಗಾಡಿಯ ಒಳಹೊರಗು ನೋಡಲಿಕ್ಕೆ ಮೋಟಾರು ಮಿಸ್ತ್ರಿ ರಸೂಲಸಾಬ ಬಂದ. ಸುತ್ತ ಒಂದು ಸಲ ತಿರುಗಿ ನಕ್ಕ.

"ಲಗ್ನ ಆದ ಮ್ಯಾಲ ಹೆಣ್ಣ ನೋಡಾಕ ಕರದೀಯಲ್ಲೋ ಗಂಗಪ್ಪ. ಇರಲಿ. ಎಂಜಿನ್ ನಂದು, ಕಟಿಗಿ ನಿಂದು."

ಗಂಗಪ್ಪ ಸುತ್ತಿಗೆಯಿಂದ ತಟ್ಟುತ್ತ ಬಂದ. ಪೀಪಾಯಿಯ ಕೆಳಗಿನ ಹಲಗೆ ಕೊಳೆತಿತ್ತು, ಮಾಡು ಎರಡು ಕಡೆ ಬಿರುಕು ಬಿಟ್ಟಿತ್ತು. ಅವೆಲ್ಲ ಸರಿಹೋಗುವಂಥವು. ಬಾಗಿಲಿಗೆ ಬಂದಾಗ ಅವನ ಕೈ ನಿಂತಿತು. ಅಗಳಿ ಇದ್ದುದು ಹೊರಗೆ. ಒಳಗೆ ಅಗಳಿಯೇ ಇರಲಿಲ್ಲ. ಒಳಮೈಯಲ್ಲಿ, ನೆಲದ ಮೇಲೆ ಕೂತವರ ಹೆಗಲಿನ ಎತ್ತರಕ್ಕೆ, ಹಸಿರು ಬಣ್ಣ ಅಂಗೈ ಅಗಲ ಸವೆದು ಕಟ್ಟಿಗೆ ಕಾಣುತ್ತಿತ್ತು.

"ಸಾಮಾನ ತಾಗಿ ಸವದೈತಿ," ಅಂದ ಗಂಗಪ್ಪ.

ನೋಡಲು ಬಂದಿದ್ದ ಕಸ್ತೂರೆವ್ವ ಅದರ ಮೇಲೆ ತನ್ನ ಅಂಗೈ ಇಟ್ಟಳು. ಸರಿಯಾಗಿ ಕೂತಿತು. "ಸಾಮಾನಿಗೆ ಬೆರಳ ಇರತಾವೇನ್ರಿ?"

ಗಂಗಪ್ಪ ಅಲ್ಲೇ ಕೂತು ಅಗಳಿ ಬಿಚ್ಚಿ ಒಳಗಡೆ ಜಡಿದ.

ಮಲಗುವ ಹಲಗೆಯ ತಲೆದೆಸೆಯಿಂದ ಒಂದು ತಂತಿ ಗಾಡಿಯ ಹೊಟ್ಟೆಯ ಕೆಳಗೆ ಹಾದು, ಡ್ರೈವರನ ಕಿವಿಯ ಹತ್ತಿರದ ಗಂಟೆಗೆ ಹೋಗಿತ್ತು. ಮಲಗಿದವರು ತಂತಿಯ ತುದಿಯ ಬಳೆ ಹಿಡಿದು ಎಳೆದರೆ ಮುಂದೆ ಬಾರಿಸಬೇಕು. ಎಷ್ಟು ಎಳೆದರೂ ಸಪ್ಪಳವಿಲ್ಲ. ರಸೂಲಸಾಬ ಪಕ್ಕಡ ಹಾಕಿ ಗಂಟೆಯ ಹೊಟ್ಟೆಯಿಂದ ಏನೋ ಎಳೆದು ತೆಗೆದ. ಉಣ್ಣೆಯ ಖಾಕಿ ಕಾಲಚೀಲ. ತಿರುಪುಳಿಯಿಂದ ಒತ್ತಿ ಒತ್ತಿ ತುರುಕಿದ್ದು.

"ಇದನ್ನ ತುರುಕಿದಾವ ಮುಂದ ಕೂತಾವ," ಅಂದ ಮಿಸ್ತ್ರಿ, ಮತ್ತೆ ನಗಲಿಲ್ಲ.

ಎಂಜಿನ್ ಚಾಲೂ ಮಾಡಿ ನೋಡಿ ಬಂದ್ ಮಾಡಿದರು. ಮೂವರೂ ಬೇವಿನ ಗಿಡದ ನೆರಳಿಗೆ ಕೂತು ಚಹಾ ಕುಡಿಯುತ್ತಿದ್ದಾಗ ಗಂಟೆ ಒಂದು ಸಲ ಬಾರಿಸಿತು. ಕೋಣೆಯಲ್ಲಿ ಯಾರೂ ಇರಲಿಲ್ಲ. ರಸೂಲಸಾಬ ಗಾಡಿಯ ಕೆಳಗೆ ನುಸುಳಿ ಹೋಗಿ, ಮೈತುಂಬ ಮಸಿಯಾಗಿ ಬಂದ.

"ತಂತಿ ಹೊಗಿ ಕೊಳವಿಗೆ ತಾಗೈತಿ. ಕಾದಾಗ ಸಡಲ ಆಕ್ಕತಿ, ಆರಿದಾಗ ಬಿಗಿ ಆಕ್ಕತಿ. ಬಿಗಿ ಆದ್ರ ಎಳೀತೈತಿ. ಅಷ್ಟ."

ತಂತಿಯನ್ನು ಕೊಳವೆಯಿಂದ ದೂರ ಸರಿಸಿ ಚರ್ಮ ಸುತ್ತಿದ. ಮರುದಿನ ಎಂಜಿನ್ ಮುಟ್ಟಿರಲಿಲ್ಲ, ತಣ್ಣಗಿತ್ತು. ಬಿಸಿಲು ನೆತ್ತಿಗೆ ಬಂದಾಗ ಗಂಟೆ ಮತ್ತೆ ಒಂದು ಸಲ ಬಾರಿಸಿತು. ಹಿತ್ತಾಳೆ ತಾಟಿಗೆ ಒಂದು ಜೋಳ ಬಿದ್ದಷ್ಟು ಸಪ್ಪಳ. ಮಿಸ್ತ್ರಿ ಪೂರಾ ಬಿಚ್ಚಿ ನೋಡಿ, ಕೈ ಒರೆಸಿಕೊಂಡ.

"ಯಂತ್ರದಾಗ ಏನೂ ಇಲ್ಲ. ನಿಮ್ಮ ಮನ್ಯಾಗ ಹಿರ್ಯಾರು ಏನಂತಾರ, ಹೊರಗಿಂದ ಒಮ್ಮಿ ಕರದ್ರ?"

"ಓಗೊಡಬಾರದು ಅಂತಾರ್ರಿ," ಅಂದ ಗಂಗಪ್ಪ. "ಎರಡ ಸಲಕ್ಕೂ ಇಲ್ಲ. ಮನಶ್ಯಾ ಅಲ್ಲದ್ದು ಮೂರ ಸಲ ಕರ್‍ಯಾಂಗಿಲ್ಲಂತ."

"ಮತ್ತ ಹಂಗ ಮಾಡ್ರಿ. ತಂಗಿ ಮೂರ ಸಲ ಎಳೀಲಿ. ಒಂದಕ್ಕ ನೀ ಏಳಬ್ಯಾಡ."

ಕಸ್ತೂರೆವ್ವ ಹೂಂ ಅಂದಳು. ಹಾಗೆ ಮಾತಾಯಿತು.

ಕೆಲಗೇರಿಯಲ್ಲಿ ಮೊದಲ ದಿನಗಳು ಛಲೋ ಹೋದವು. ಕೆರೆಯ ಗಾಳಿಗೆ ಅವಳ ಕೆಮ್ಮು ಇಳಿಯಿತು, ಎರಡು ರೊಟ್ಟಿ ಉಂಡಳು. ಗಂಗಪ್ಪ ಕಿಟಕಿ ಬಾಗಿಲಿನ ಕೆಲಸ ಹಿಡಿದು ತಂದು, ಗಾಡಿಯ ಮುಂದಿನ ಗಿಡದ ಕೆಳಗೆ ದಿನವೆಲ್ಲ ಹಲಗೆ ನುಣುಪಾಗುವ ಹಾಗೆ ರಂದಾ ಹೊಡೆಯುತ್ತಿದ್ದ. ಗಂಟೆ ಮೂರು ಸಲ ಬಾರಿಸಿದರೆ ಓಡುತ್ತಿದ್ದ. ಆಗೊಮ್ಮೆ ಈಗೊಮ್ಮೆ ಒಂದೇ ಸಲ ಬಾರಿಸುತ್ತಿತ್ತು. ತಲೆ ಎತ್ತುತ್ತಿರಲಿಲ್ಲ. ಎರಡನೆಯ ವಾರಕ್ಕೆ ಮೂರಕ್ಕೂ ಅವನು ಓಡುವುದು ಹೋಗಿ ನಡೆಯುವುದಾಯಿತು. ಬಾಗಿಲಲ್ಲೇ ನಿಂತು ನೀರಿನ ತಂಬಿಗೆ ಒಳಗೆ ಸರಿಸುವುದಾಯಿತು.

ಬುಧವಾರ, ಹೊತ್ತು ವಾಲಿದಾಗ, ಗಂಟೆ ಒಂದು ಸಲ ಬಾರಿಸಿತು. ಗಂಗಪ್ಪನ ರಂದಾ ನಿಂತಿತು. ಇದು ಜೋಳ ಬಿದ್ದ ಸಪ್ಪಳವಲ್ಲ. ಮೆಲ್ಲಗೆ ಎಳೆದು, ತುಸು ಹಿಡಿದು ಬಿಟ್ಟದ್ದು. ಅದರಲ್ಲಿ ಕೈಯ ಭಾರ ಇತ್ತು. ಇನ್ನೊಂದು ಬರಲಿ ಎಂದು ಕಾದ. ಬರಲಿಲ್ಲ. ಕೆರೆಯ ಅಂಚಿಗೆ ಬೆಳ್ಳಕ್ಕಿಗಳು ಕಾಲು ಎತ್ತಿಟ್ಟು ನಡೆಯುತ್ತಿದ್ದವು. ಗಂಗಪ್ಪ ರಂದಾ ಹಿಡಿದ. ಹಲಗೆಯ ಈ ತುದಿಯಿಂದ ಆ ತುದಿಗೆ ಹೊಡೆದ, ತಿರುವಿ ಹಾಕಿ ಇನ್ನೊಂದು ಮೈ ಹೊಡೆದ. ಆಮೇಲೆ ಎದ್ದು ಹೋದ.

ಕಸ್ತೂರೆವ್ವ ತಲೆ ಬಾಚಿಕೊಂಡು ಹಲಗೆಯ ಅಂಚಿಗೆ ಕೂತಿದ್ದಳು. ತಂತಿಯ ಬಳೆ ಅವಳ ಬೆರಳಲ್ಲೇ ಇತ್ತು.

"ನೀರ ಬೇಕಾಗಿತ್ತೇನ?"

"ಬ್ಯಾಡ್ರಿ. ಮೂರಕ್ಕ ಬರತೀರಿ, ಗೊತ್ತೈತಿ. ಒಂದಕ್ಕ ಬರತೀರೇನೋ ಅಂತ ನೋಡಿದೆ."

"ನೀ ಅಂತ ನನಗ ಹೆಂಗ ತಿಳೀಬೇಕು? ಮಾತಾಗಿತ್ತಲ್ಲ."

"ರಂದಾ ನಿಂತಿತ್ತು," ಅಂದಳು ಕಸ್ತೂರೆವ್ವ. "ನಿಂತದ್ದು ಕೇಳಸ್ತು ನನಗ. ಆಮ್ಯಾಲ ಮತ್ತ ಸುರು ಆತು."

ಗಂಗಪ್ಪ ಬಾಗಿಲು ಹಿಡಿದು ನಿಂತ. ಅಷ್ಟರಲ್ಲಿ ಮುಂದುಗಡೆಯ ಗಂಟೆ ಒಂದು ಸಲ ಬಾರಿಸಿತು. ಅವಳ ಬೆರಳು ಅಲುಗಿರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಪಾಪ, ಅದು ಇನ್ನೂ ಕರ್‍ಯಾಕತ್ತೈತಿ," ಅಂದಳು. ಬಳೆಯನ್ನು ಬೆರಳಿನಿಂದ ತೆಗೆದು ಮೊಳೆಗೆ ಹಾಕಿದಳು. "ನಮ್ಮ ಉಡಚಪ್ಪಗ ಹೇಳಿ ಕಳಸ್ರಿ, ಚಕ್ಕಡಿ ತರಲಿ. ನನ್ನ ತವರಮನ್ಯಾಗ ಹಿತ್ತಲ ಐತಿ, ಅಲ್ಲೂ ಗಾಳಿ ಬೀಸತೈತಿ."

ತಮ್ಮ ಉಡಚಪ್ಪ ಬಂದದ್ದು ಶುಕ್ರವಾರ. ಚಕ್ಕಡಿಗೆ ಹುಲ್ಲು ಹಾಸಿ, ಅಕ್ಕನನ್ನು ಕೈಹಿಡಿದು ಹತ್ತಿಸಿದ.

"ಶುಕ್ರವಾರ ಹೆಣ್ಣಮಕ್ಕಳು ಮನಿ ಬಿಡಬಾರದು. ಒಂದ ದಿನ ತಡಿ," ಅಂದ ಗಂಗಪ್ಪ.

"ಮನಿ ಬಿಟ್ಟು ಹದಿನೈದ ದಿನ ಆತಲ್ಲರಿ," ಅಂದಳು ಅವಳು, ಸಿಟ್ಟಿಲ್ಲದೆ.

ಅವನು ಚಕ್ಕಡಿಯ ಜೋಡಿ ದಾರಿಯ ತನಕ ನಡೆದ. ಅಲ್ಲಿ ಅವಳು ಸಾಕು ಎಂದು ಕೈಮಾಡಿದಳು. ಅಮಾವಾಸ್ಯೆಗೆ ಎರಡು ದಿನ ಇರುವಾಗ, ಶುಕ್ರವಾರ ಮಧ್ಯಾಹ್ನ, ಕಸ್ತೂರೆವ್ವ ಹೋದಳು. ಕೆರೆಯಂಚಿನ ಕೆಸರಿನಲ್ಲಿ ಗಾಲಿ ಕೊರೆದ ಎರಡು ಗೆರೆಗಳಿಗೆ ನೀರು ಮೆಲ್ಲಗೆ ಇಳಿದು ಬಂದು ತುಂಬಿಕೊಳ್ಳುತ್ತಿತ್ತು.