ಆಮೆಮರಿಗೆ ತಾಗಿದ ಕಣ್ಣು

ಚಾದ್ಲಿ ಜೇಬಿನಿಂದ ಆಮೆಮರಿಯನ್ನು ತೆಗೆದು ತಾಯಿಯ ಅಂಗೈ ಮೇಲಿಟ್ಟಾಗ ಅವನ ಅತ್ತಿಗೆ ದೂಜಾ ಮಗ್ಗದ ಮುಂದೆ ಕೂತಿದ್ದಳು. ಅಕ್ರೋಟಿನಷ್ಟು ದಪ್ಪದ ಮರಿ. ಅವಳು ಕತ್ತು ಚಾಚಿ ನೋಡುವಷ್ಟರಲ್ಲಿ ಅತ್ತೆ ಮನೂಬಿಯಾ ಅದರ ಮೇಲೆ ಸೆರಗು ಎಳೆದುಬಿಟ್ಟಳು.

"ನೀನು ನಿನ್ನ ಗಂಬಳಿ ಗಂಟು ಹಾಕ್ಕೊಂಡಿರಮ್ಮ. ಕೂಸು ಇನ್ನೂ ಹಸಿ."

"ಆಮೆ ಅಲ್ವಾ ಲಲ್ಲಾ ಅದು?" ಅತ್ತೆಯನ್ನು ದೂಜಾ ಕರೆಯುತ್ತಿದ್ದುದು ಹಾಗೆ, ಗೌರವದಿಂದ.

"ಆಮೆ ಆದ್ರೇನು, ಕೂಸು ಕೂಸೇ."

ಮನೆಯ ಹಳೆಯ ಆಮೆ ಚಳಿಗಾಲದಲ್ಲಿ ಮಣ್ಣೊಳಗೆ ಹೋದದ್ದು ಮತ್ತೆ ಏಳಲಿಲ್ಲ. ಕೈರವಾನಿನ ಹಳೇ ಪೇಟೆಯಲ್ಲಿ ಆಮೆಯಿಲ್ಲದ ಅಂಗಳವೆಂದರೆ ಬಾಗಿಲಿಲ್ಲದ ಮನೆ. ಯಾರ ಕೆಟ್ಟ ಕಣ್ಣಾದರೂ ಒಳಗೆ ನುಗ್ಗಬಹುದು. ಅದರ ಮೇಲೆ ಚಾದ್ಲಿಯ ಹೆಂಡತಿ ಸಿಹೆಮ್ ಬಸುರಿ. ಹೀಗಾಗಿ ಸ್ನೇಹಿತನ ತೋಟದಿಂದ ಈ ಮರಿ ಬಂತು. ಎಳೆಗೂಸಿಗೆ ಮಾಡುವುದನ್ನೆಲ್ಲ ಮನೂಬಿಯಾ ಅದಕ್ಕೂ ಮಾಡಿದಳು. ಉಗ್ರಾಣದಲ್ಲಿ, ಎಣ್ಣೆ ಜಾಡಿಗಳ ನಡುವೆ, ಬುಟ್ಟಿಯೊಳಗೆ ಉಣ್ಣೆ ಹಾಸಿ ಮಲಗಿಸಿ, ಮೇಲೊಂದು ಕಪ್ಪು ಬಟ್ಟೆ ಹೊದಿಸಿ, ದೃಷ್ಟಿ ತಡೆಯುವ ಬೆಳ್ಳಿಯ ಐದು ಬೆರಳಿನ ಕೈ ಸಿಕ್ಕಿಸಿದಳು. ನಲವತ್ತು ದಿನ ತುಂಬುವ ತನಕ ಅದರ ಮೇಲೆ ಹೊರಗಿನ ಕಣ್ಣು ಬೀಳಬಾರದು.

ಹೊರಗಿನ ಕಣ್ಣು ಯಾರದೆಂದು ಹೇಳಬೇಕಾಗಿರಲಿಲ್ಲ. ತಲೆ ನರೆಯತೊಡಗಿದರೂ ಮಡಿಲು ತುಂಬದ ಹೆಂಗಸಿನ ಕಣ್ಣು ಎಂಥದ್ದೆಂದು ಆ ಓಣಿಯ ಕೋಳಿಗೂ ಗೊತ್ತಿತ್ತು. ವಿಚಿತ್ರವೆಂದರೆ, ದೂಜಾಳ ರತ್ನಗಂಬಳಿ ಮಾರಿದ ಹಣದಲ್ಲಿ ಬಂದ ಎಣ್ಣೆಗೆ ಆ ಕಣ್ಣು ತಾಗುತ್ತಿರಲಿಲ್ಲ. ಆ ಹಣದ ಗೋಧಿಗೆ, ಕುರಿಮಾಂಸಕ್ಕೆ, ಚಾದ್ಲಿಯ ಮದುವೆಯ ಕೋಟಿಗೆ ತಾಗುತ್ತಿರಲಿಲ್ಲ. ಬಸಿರು ಕಂಡ ಕೂಡಲೇ ಅದಕ್ಕೆ ವಿಷ ಏರುತ್ತಿತ್ತು.

ಹೊಟ್ಟೆಕಿಚ್ಚು ಇರಲಿಲ್ಲವೆಂದಲ್ಲ. ಇತ್ತು, ಧಗಧಗ ಉರಿಯುತ್ತಿತ್ತು. ಸಿಹೆಮ್‌ಳ ತಟ್ಟೆಗೆ ಹೋಗುವ ಮೂಳೆಯ ತುಂಡು, ಅವಳ ಬೆನ್ನ ಹಿಂದೆ ಇಡುವ ದಿಂಬು, ಅವಳು ವಾಂತಿ ಮಾಡಿದರೂ ಅತ್ತೆಯ ಮುಖದ ಮೇಲೆ ಅರಳುವ ನಗೆ, ಒಂದೊಂದನ್ನೂ ನೋಡಿ ದೂಜಾ ನೂಲನ್ನು ಬೆರಳು ಕೊಯ್ಯುವಷ್ಟು ಬಿಗಿಯಾಗಿ ಎಳೆಯುತ್ತಿದ್ದಳು. ಈಗ ಆಮೆಯ ಮೇಲೂ ಹೊಟ್ಟೆಕಿಚ್ಚು! ಅದಕ್ಕೆ ಹಾಲಲ್ಲಿ ನೆನೆಸಿದ ರೊಟ್ಟಿ, ಮೊಟ್ಟೆಯ ಹಳದಿ, ಅರೆದ ಖರ್ಜೂರ. ತಾನು ಈ ಮನೆಗೆ ಬಂದ ಮೊದಲ ವಾರ ಜ್ವರದಲ್ಲಿ ಮಲಗಿದ್ದಾಗ ಯಾರಾದರೂ ಒಂದು ಖರ್ಜೂರ ಬಾಯಿಗಿಟ್ಟಿದ್ದರೇ?

ಆದರೆ ಮರಿ ತಿನ್ನಲಿಲ್ಲ. ಸಿಹೆಮ್ ದಿನವೂ ತಟ್ಟೆ ಹಿಡಿದು ಒಳಗೆ ಹೋಗಿ, ಹಾಗೇ ಹಿಡಿದುಕೊಂಡು ಹೊರಗೆ ಬರುತ್ತಿದ್ದಳು.

"ಬಾಯೇ ತೆಗೆಯಲ್ಲ ಅಮ್ಮ. ಕಣ್ಣೂ ಬಿಡ್ತಿಲ್ಲ. ಮುಟ್ಟಿದ್ರೆ ತಣ್ಣಗಿದೆ."

ದೂಜಾಳ ಒಳಗೆ ಏನೋ ಖುಷಿಯಿಂದ ಕುಣಿಯಿತು. ಸಾಯಲಿ, ಎಂದುಕೊಂಡಳು.

ಮನೂಬಿಯಾ ಲೋಬಾನದ ಹೊಗೆ ಹಾಕಿದಳು. ಹೊಗೆಗೆ ಸಿಹೆಮ್ ಕೆಮ್ಮಿದಳು, ಮರಿ ಅಲುಗಲಿಲ್ಲ. ಮರುದಿನ ಬೆಳಗಿನ ಕಾಫಿಯ ಹೊತ್ತಿಗೆ ಮುದುಕಿ ಹಿರಿಮಗ ಲಾಮಿನ್‌ನನ್ನು ಎದುರು ಕೂರಿಸಿಕೊಂಡಳು. ದೂಜಾ ಕಾಫಿ ಬಗ್ಗಿಸುತ್ತ ಅಲ್ಲೇ ಇದ್ದಳು.

"ಹೆರಿಗೆ ಆಗೋ ತನಕ ನಿನ್ನ ಹೆಂಡ್ತಿ ಅವಳ ತಮ್ಮನ ಮನೇಲಿರ್ಲಿ. ಇವತ್ತು ಆಮೆ, ನಾಳೆ ಇನ್ನೇನೋ. ನಾನು ಯಾರನ್ನೂ ಬಯ್ತಿಲ್ಲ. ಕಣ್ಣು ಮನುಷ್ಯರ ಮಾತು ಕೇಳಲ್ಲ."

"ನಾನು ಅದನ್ನ ನೋಡೇ ಇಲ್ಲವಲ್ಲ ಲಲ್ಲಾ."

"ಗೋಡೆ ದಾಟಲ್ವಾ ಕಣ್ಣು? ನಿನ್ನ ಕಣ್ಣಿಗೆ ಐದು ಬೆರಳು." ಮುದುಕಿ ಅಂಗೈ ಬಿಡಿಸಿ ಅವಳ ಮುಖಕ್ಕೆ ಅಡ್ಡ ಹಿಡಿದಳು.

ಲಾಮಿನ್ ಲೋಟದ ತಳ ನೋಡಿದ. "ಮಧ್ಯಾಹ್ನಕ್ಕೆ ಕಾರು ಹೇಳ್ತೀನಿ," ಎಂದ.

ಹಾಗೆ ಹೋದ ಹೆಂಗಸರಿಗೆ ಮತ್ತೆ ಕರೆ ಬರುವುದಿಲ್ಲ, ತಲಾಕಿನ ಕಾಗದ ಬರುತ್ತದೆ. ಓಣಿಯಲ್ಲಿ ಎರಡು ಮನೆಗಳಲ್ಲಿ ದೂಜಾ ಅದನ್ನು ಕಂಡಿದ್ದಳು. ಅವಳು ಬಟ್ಟೆ ಕಟ್ಟಲು ಹೋಗಲಿಲ್ಲ. ನೇರ ಉಗ್ರಾಣಕ್ಕೆ ಹೋಗಿ ಕಪ್ಪು ಬಟ್ಟೆ ಕಿತ್ತೆಸೆದು, ಬುಟ್ಟಿ ಎತ್ತಿಕೊಂಡು ಅಂಗಳದ ನಟ್ಟನಡುವೆ, ಬಿಸಿಲು ಬಿದ್ದ ಹಾಸುಗಲ್ಲಿನ ಮೇಲೆ ಕೂತಳು. ಮರಿಯನ್ನು ಕಲ್ಲಿನ ಮೇಲಿಟ್ಟಳು.

"ಹುಚ್ಚಿ, ಒಳಗಿಡು ಅದನ್ನ," ಎಂದಳು ಮನೂಬಿಯಾ.

"ನನ್ನ ಕಣ್ಣಿಗೆ ಅಷ್ಟು ಶಕ್ತಿ ಇದ್ರೆ ನಿಮ್ಮೆಲ್ಲರ ಎದುರಿಗೇ ಸಾಯ್ಲಿ. ನೋಡ್ತೀನಿ. ಕಣ್ಣು ತುಂಬ ನೋಡ್ತೀನಿ."

ರೆಪ್ಪೆ ಬಡಿಯದೆ ನೋಡಿದಳು. ಇಷ್ಟು ವರ್ಷ ತಗ್ಗಿಸಿಟ್ಟಿದ್ದ ಕಣ್ಣುಗಳನ್ನು ಆ ಚಿಕ್ಕ ಚಿಪ್ಪಿನ ಮೇಲೆ ಕಲ್ಲಿನಂತೆ ಹೇರಿದಳು. ಸಾಯುತ್ತದೆಂದೇ ಅವಳೂ ನಂಬಿದ್ದಳು. ಅವರು ಹೇಳಿ ಹೇಳಿ ನಂಬಿಸಿಬಿಟ್ಟಿದ್ದರು.

ಬಿಸಿಲು ಏರಿತು. ಚಿಪ್ಪು ಕಾಯಿತು. ಒಗೆದ ಬಟ್ಟೆಯಿಂದ ತೊಟ್ಟಿಕ್ಕಿದ ನೀರು ಕಲ್ಲಿನ ತಗ್ಗಿನಲ್ಲಿ ನಿಂತಿತ್ತು. ಮೊದಲು ಒಂದು ಕಾಲು ಹೊರಬಂತು, ಆಮೇಲೆ ಸುಕ್ಕುಗಟ್ಟಿದ ಕತ್ತು. ಮರಿ ಅಂಟಿದ ಕಣ್ಣು ಬಿಡಿಸಿಕೊಂಡು ತಗ್ಗಿನವರೆಗೆ ತೆವಳಿ, ಗಂಟಲು ಕುಣಿಸುತ್ತ ಬಹಳ ಹೊತ್ತು ಕುಡಿಯಿತು. ಕಲ್ಲಿನ ಸಂದಿಯಲ್ಲಿ, ಯಾರೂ ಕೀಳದೆ ಬಿಟ್ಟಿದ್ದ ಕಳೆಯ ಎಲೆಯೊಂದಕ್ಕೆ ಬಾಯಿ ಹಾಕಿತು. ತಪ್ಪಿತು. ಮತ್ತೆ ಹಾಕಿ, ಹರಿದು, ನುಂಗಿತು.

ಮನೂಬಿಯಾ ಮಗನ ಕಡೆ ತಿರುಗಿ ಹೇಳಿದಳು, "ನೋಡಿದ್ಯಾ ಲಾಮಿನ್. ಹಾಕಿದ ಕಣ್ಣನ್ನ ತಾನೇ ವಾಪಸ್ ತಗೊಂಡ್ಲು."

ದೂಜಾಳಿಗೆ ನಗು ಬಂತು. ಸತ್ತರೆ ಅವಳ ಕಣ್ಣು, ಬದುಕಿದರೂ ಅವಳ ಕಣ್ಣು. ಈ ನ್ಯಾಯಪೀಠ ಎಂದೂ ಸೋಲುವುದಿಲ್ಲ.

ಹೊರಗೆ ಕಾರಿನ ಹಾರ್ನು ಕೇಳಿತು. ಲಾಮಿನ್ ಬಾಗಿಲ ಕಡೆ ಹೆಜ್ಜೆ ಇಟ್ಟು ನಿಂತ. ಅಷ್ಟರಲ್ಲಿ ಒಳಕೋಣೆಯ ಪರದೆ ಸರಿಸಿ ಸಿಹೆಮ್ ಬಂದಳು. ವಾರಗಟ್ಟಲೆ ಬಿಸಿಲು ಕಾಣದ ಮುಖ ಹಿಟ್ಟಿನಂತಾಗಿತ್ತು.

"ಒಳಗೆ ಹೋಗೆ ನೀನು," ಅತ್ತೆ ಗದರಿದಳು.

"ಅಲ್ಲಿ ಚಳಿ ಅಮ್ಮ." ಸಿಹೆಮ್ ಕಷ್ಟಪಟ್ಟು ಹಾಸುಗಲ್ಲಿನ ಮೇಲೆ ಕೂತಳು. ಮರಿ ಎಲೆ ಬಿಟ್ಟು, ಅವಳ ಮದರಂಗಿ ಹಚ್ಚಿದ ಕಾಲಿನ ಕೆಂಪು ಹೆಬ್ಬೆರಳಿನ ಕಡೆ ನೇರ ಹೊರಟಿತು. ದೂಜಾಳ ಹೊಟ್ಟೆ ಮತ್ತೆ ಉರಿಯಿತು. ಎಬ್ಬಿಸಿದವಳು ನಾನು, ಹೋಗುವುದು ಅವಳ ಹತ್ತಿರ!

"ನನಗೆ ನಿನ್ನ ಕಂಡ್ರೆ ಹೊಟ್ಟೆಕಿಚ್ಚು ಕಣೇ," ಎಂದಳು, ಎಲ್ಲರಿಗೂ ಕೇಳುವಂತೆ. "ನಿನ್ನ ಬಸುರು ಕಂಡ್ರೂ, ಈ ಆಮೆ ಕಂಡ್ರೂ."

"ಗೊತ್ತಕ್ಕ. ಗೊತ್ತಿಲ್ಲದೆ ಏನು." ಸಿಹೆಮ್ ಬೆರಳು ಹಿಂದಕ್ಕೆಳೆದುಕೊಂಡಳು. "ಕಚ್ಚತ್ತೆ ಇದು. ತಿರುಗಿಸು ಆ ಕಡೆ."

ಹಾರ್ನು ಮತ್ತೆ ಕೂಗಿತು.

"ಕಾರು ವಾಪಸ್ ಕಳಿಸಿ," ದೂಜಾ ಗಂಡನಿಗೆ ಹೇಳಿದಳು, ತಲೆ ಎತ್ತದೆ. "ಮಗ್ಗದ ಮೇಲೆ ಅರ್ಧ ಗಂಬಳಿ ಇದೆ. ನಾನು ಎಲ್ಲಿಗೂ ಬರಲ್ಲ. ಕಳಿಸೋದಾದ್ರೆ ಹೊತ್ತುಕೊಂಡು ಹೋಗಿ, ಓಣಿ ನೋಡ್ಲಿ."

ಲಾಮಿನ್ ತಾಯಿಯ ಮುಖ ನೋಡಿದ. ತಾಯಿ ಆಮೆಯನ್ನು ನೋಡುತ್ತಿದ್ದಳು. ಅವನು ಹೊರಗೆ ಹೋಗಿ ಚಾಲಕನೊಂದಿಗೆ ಏನೋ ಗೊಣಗುವುದು ಕೇಳಿಸಿತು, ಆಮೇಲೆ ಕಾರು ಹಿಂದೆ ಹಿಂದೆ ಸರಿದು ಓಣಿಯಿಂದ ಹೊರಬೀಳುವುದು.

ದೂಜಾ ಮರಿಯನ್ನು ಎರಡು ಬೆರಳಲ್ಲಿ ಎತ್ತಿ ಎಲೆಯ ಮುಂದೆ ಇಟ್ಟಳು. ಅದು ತಿರುಗಿ ಮತ್ತೆ ಸಿಹೆಮ್‌ಳ ಕಡೆಗೇ ಹೊರಟಿತು. ಮತ್ತೆ ಎತ್ತಿ ಇಟ್ಟಳು, ಈ ಸಲ ಸ್ವಲ್ಪ ಜೋರಾಗಿ.