ಬಾಡಿಗೆ ಗೋಡೆಗೊಂದು ಮೊಳೆ

ಊರಿನ ಅರ್ಧ ಗೋಡೆಗಳಿಗೆ ಮೊಳೆ ಹೊಡೆದ ಹೆಂಗಸಿಗೆ ತಾನಿದ್ದ ಮನೆಯ ಗೋಡೆಗೆ ಒಂದೇ ಒಂದು ಮೊಳೆ ಹೊಡೆಯುವ ಹಕ್ಕಿರಲಿಲ್ಲ. ಫೋಟೋಗಳಿಗೆ ಕಟ್ಟು ಹಾಕುವುದು ಅವಳ ಕಸುಬು, ಹಾಗಾಗಿ ಬೀದಿಗೆಲ್ಲ ಅವಳು ಕಟ್ಟಮ್ಮ. ಮುಂದಿನ ಕೋಣೆಯಲ್ಲಿ ಅಂಗಡಿ, ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ, ತಲೆಯ ಮೇಲೆ ಮಹಡಿಯಲ್ಲಿ ಮನೆಯ ಯಜಮಾನಿ. ಬಾಡಿಗೆ ಕರಾರಿನಲ್ಲಿ ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ ಎಂದು ದಪ್ಪಕ್ಷರದಲ್ಲಿತ್ತು. ಅಂಗಡಿಯ ಮಾದರಿ ಚೌಕಟ್ಟುಗಳು ಕೂಡ ಗೋಡೆಗೆ ಒರಗಿಸಿದ ಹಲಗೆಯೊಂದರ ಮೇಲೆ ನೇತಾಡಿಕೊಂಡು ದಿನ ದೂಡುತ್ತಿದ್ದವು.

ಕಟ್ಟು ಹಾಕಿದ್ದನ್ನು ಗಿರಾಕಿಗಳ ಮನೆಗೆ ತಾನೇ ಹೋಗಿ ತೂಗುಹಾಕಿ ಬರುವುದು ಅವಳ ಪದ್ಧತಿ. ಇಲ್ಲದಿದ್ದರೆ ಜನ ಅದನ್ನು ಬೀರುವಿನ ಹಿಂದೆ ತಳ್ಳಿ ಮರೆಯುತ್ತಾರೆ ಎಂಬುದು ಅವಳ ಗುಮಾನಿ. ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟುವಳು, ಕಿವಿಯಿಟ್ಟು ಕೇಳುವಳು, ಮೊಳೆಯನ್ನು ತುಟಿಯಲ್ಲಿ ಕಚ್ಚಿಕೊಳ್ಳುವಳು. ಅಂಗಡಿಯಲ್ಲಿ ಚೌಕಟ್ಟು ಬಡಿಯುವಾಗಲೂ ಅಷ್ಟೇ, ಮೊಳೆ ಬಾಯಲ್ಲಿದ್ದಾಗ ಯಾರು ಏನು ಕೇಳಿದರೂ ಉತ್ತರವಿಲ್ಲ. ಆ ಹೊತ್ತಿನಲ್ಲೇ ಮನೆಯಲ್ಲಿ ಶಾಂತಿ ಇರುವುದು ಎಂದು ಬಸ್ ಡ್ರೈವರ್ ಆಗಿದ್ದ ಅವಳ ಗಂಡ ಹೇಳುತ್ತಿದ್ದ.

ಇಷ್ಟೆಲ್ಲ ಇದ್ದೂ ಅವಳ ಅಮ್ಮನ ಫೋಟೋ ಮಾತ್ರ ಇವತ್ತಿನವರೆಗೆ ಯಾವ ಗೋಡೆಯನ್ನೂ ಏರಿರಲಿಲ್ಲ. ಮನೆ ಬದಲಾಯಿಸಿದಾಗಲೆಲ್ಲ ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು ಹೋಗುವುದು, ಹೊಸ ಮನೆಯಲ್ಲಿ ಬೀರುವಿನ ಮೇಲೆ ಒರಗಿಸುವುದು. ಹಿಂದಿನ ತಂತಿ ತುಕ್ಕು ಹಿಡಿದರೆ ಕಟ್ಟಮ್ಮ ಅದನ್ನು ಬಿಚ್ಚಿ ಹೊಸದು ಕಟ್ಟುತ್ತಿದ್ದಳು. ತೂಗುಹಾಕುವ ದಿನ ನಾಳೆಯೇ ಬರುತ್ತದೇನೋ ಎಂಬಂತೆ.

ಕಡೆಗೆ ಆ ದಿನ ಬಂತೆಂದು ಹೇಳಿದವಳು ಅವಳ ಅಕ್ಕ. ಅಕ್ಕ ಮತ್ತು ಭಾವ ಊರಾಚೆಯ ಹೊಸ ಕಟ್ಟಡದಲ್ಲಿ ಫ್ಲಾಟ್ ಕೊಂಡಿದ್ದರು. "ಫೋಟೋ ತಗೊಂಡು ಬಾ. ನನ್ನ ಗೋಡೆ ಮೇಲೆ ಮೊದಲು ಅಮ್ಮ. ಹಾಗೇ ಪಕ್ಕದ ಫ್ಲಾಟಿಗೆ ನೀವೂ ಸಹಿ ಹಾಕಿಬಿಡಿ. ಭಾನುವಾರ ಸಂಜೆವರೆಗೆ ನಿಮಗೋಸ್ಕರ ಹಿಡಿದಿಟ್ಟಿದೀನಿ" ಎಂದಿದ್ದಳು. ಅಮ್ಮ ಹೋದ ಮೇಲೆ ತಂಗಿಯನ್ನು ಸಾಕಿದ್ದು ಈ ಅಕ್ಕನೇ. ಅವಳಿಗೆ ಇಲ್ಲ ಎನ್ನುವುದೆಂದರೆ ಕಟ್ಟಮ್ಮನಿಗೆ ಸಾಕಿದ ಕೈಯನ್ನು ತಳ್ಳಿದಂತೆ. ಗಂಡನನ್ನು ಕೇಳಿದರೆ "ಕೊಂಡರೂ ಸರಿ, ಕೊಳ್ಳದಿದ್ದರೂ ಸರಿ" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಪೇಪರ್ ಓದತೊಡಗಿದ.

ಭಾನುವಾರ ಮಧ್ಯಾಹ್ನ ಇಬ್ಬರೂ ಫೋಟೋ ಹಿಡಿದುಕೊಂಡು ಹೋದರು. ಭಾವ ಲಿಫ್ಟ್ ತೋರಿಸಿದರು, ಈಜುಕೊಳ ತೋರಿಸಿದರು, ಕಿಟಕಿ ತೆರೆದು ಗಾಳಿ ತೋರಿಸಿದರು. ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಅಕ್ಕ ಹಜಾರದ ದೊಡ್ಡ ಗೋಡೆಯ ಮುಂದೆ ನಿಂತು, "ಇಲ್ಲಿ" ಎಂದು ಬೆರಳಿಟ್ಟಳು.

ಕಟ್ಟಮ್ಮ ಗೆಣ್ಣಿನಿಂದ ತಟ್ಟಿದಳು. ಗೋಡೆ ಕಲ್ಲಿನ ಹಾಗೆ ಬಿಗಿದುಕೊಂಡಿತ್ತು, ಪೂರಾ ಕಾಂಕ್ರೀಟು. ಆದರೂ ಅಕ್ಕನ ಮುಖ ನೋಡಿ ಸುತ್ತಿಗೆ ಎತ್ತಿದಳು. ಮೊದಲ ಮೊಳೆ ಡೊಂಕಾಯಿತು. ಎರಡನೆಯದು ಸಿಡಿದು ಭಾವನ ಕಿವಿಯ ಪಕ್ಕದಲ್ಲೇ ಹಾರಿಹೋಯಿತು. ಮೂರನೆಯದನ್ನು ಇಡುವಷ್ಟರಲ್ಲಿ ಕರೆಗಂಟೆಯ ಸದ್ದಾಯಿತು.

ಬಾಗಿಲಲ್ಲಿ ಕಾವಲುಗಾರ. "ಮೇಡಂ, ಭಾನುವಾರ ಸದ್ದು ಮಾಡೋ ಹಾಗಿಲ್ಲ. ಕೆಳಗಿನ ಮನೆಯವರು ಫೋನ್ ಮಾಡಿದ್ರು. ಗೋಡೆ ಕೊರೀಬೇಕಂದ್ರೆ ಸಂಘಕ್ಕೆ ಅರ್ಜಿ ಕೊಡಬೇಕು."

"ಇದು ನನ್ನ ಸ್ವಂತ ಮನೆ ಕಣಪ್ಪ" ಎಂದಳು ಅಕ್ಕ.

"ಇಲ್ಲಿ ಎಲ್ಲರದೂ ಸ್ವಂತ ಮನೆನೇ ಮೇಡಂ" ಎಂದ ಅವನು, ಬಹಳ ಮರ್ಯಾದೆಯಿಂದ.

ಅವನು ಲಿಫ್ಟ್ ಹತ್ತಿ ಹೋದ. ಡ್ರೈವರ್ ಬಗ್ಗಿ ಡೊಂಕು ಮೊಳೆಗಳನ್ನು ಹೆಕ್ಕತೊಡಗಿದ. ಅಕ್ಕ ತಾನೇ ಸಾವರಿಸಿಕೊಂಡು, "ಅರ್ಜಿ ಕೊಟ್ಟರಾಯ್ತು ಬಿಡು. ನೀನು ಬಾ, ಸಹಿ ಹಾಕು" ಎಂದಳು.

"ನಾನು ಸಹಿ ಹಾಕಲ್ಲಕ್ಕ."

"ಯಾಕೆ? ಜೀವಮಾನವೆಲ್ಲ ಬಾಡಿಗೆ ಕಟ್ಟಿ ನಿನ್ನ ಕೈಗೇನು ಬಂತು?"

"ದಿನಾ ಟಿಕೆಟ್ ತಗೊಂಡು ಬಸ್ಸಲ್ಲಿ ಓಡಾಡ್ತೀವಿ. ಬಸ್ಸೇನು ನಮ್ಮದಾಗುತ್ತಾ? ಹೋಗೋ ಕಡೆ ಹೋದ್ವಲ್ಲ, ಅಷ್ಟು ಸಾಕು." ಡ್ರೈವರ್ ಸುಮ್ಮಸುಮ್ಮನೆ ಕೆಮ್ಮಿದ. "ಅಂಗಡಿ ಎಲ್ಲಿ ಹಾಕಲಿ ಹೇಳು. ಲಿಫ್ಟಲ್ಲಾ? ದಾರೀಲಿ ಹೋಗೋರು ಇಷ್ಟು ಎತ್ತರ ಹತ್ತಿ ಬಂದು ಫೋಟೋಗೆ ಕಟ್ಟು ಹಾಕಿಸ್ತಾರಾ?"

"ಅಂಗಡಿ ಬಿಡು. ಸಾಕು ದುಡಿದಿದ್ದು."

"ಬಿಟ್ಟರೆ ಸಾಲದ ಕಂತು ಕಟ್ಟೋರು ಯಾರು? ಇವರು ಸ್ಟೀರಿಂಗ್ ಬಿಟ್ಟ ಮೇಲೂ ಅದು ನಮ್ಮನ್ನ ಬಿಡಲ್ಲ."

ಭಾವ, ಮುಂದೆ ಬೆಲೆ ಏರುತ್ತೆ ಎಂದು ಬಾಯಿ ತೆರೆದರು. ಅಕ್ಕ ಅವರನ್ನು ಒಂದು ನೋಟದಲ್ಲಿ ಸುಮ್ಮನಿರಿಸಿದಳು. ಆಮೇಲೆ ತಂಗಿಯ ಹತ್ತಿರ ಬಂದು, ದನಿ ಇಳಿಸಿ, "ನಾಳೆ ಆ ಯಜಮಾನಿ ನಿನ್ನ ಬೀದಿಗೆ ಹಾಕಿದ್ರೆ?" ಎಂದಳು.

ಇಷ್ಟು ದಿನದ ಮಾತೆಲ್ಲ ಇದಕ್ಕೇ ಬಂದು ನಿಲ್ಲಬೇಕಿತ್ತು. ಅವರಿಬ್ಬರೂ ಚಿಕ್ಕವರಿದ್ದಾಗ ಒಬ್ಬ ಮಾಲೀಕ ಸಾಮಾನೆಲ್ಲ ಬೀದಿಗೆ ಹಾಕಿದ್ದ. ತಳ ಸುಟ್ಟ ಪಾತ್ರೆಗಳನ್ನು ಹೋಗಿಬರುವವರು ನೋಡದಿರಲೆಂದು ಅಮ್ಮ ಅವುಗಳ ಮೇಲೆ ಕಂಬಳಿ ಹೊದಿಸಿ, ಕತ್ತು ಬಗ್ಗಿಸಿಕೊಂಡು ಕೂತಿದ್ದಳು. ಅಕ್ಕ ಕೊಂಡಿದ್ದು ಫ್ಲಾಟನ್ನಲ್ಲ, ಆ ಕಂಬಳಿಯ ದಿನ ಮತ್ತೆ ಬರುವುದಿಲ್ಲ ಎಂಬ ಧೈರ್ಯವನ್ನು. ಕಟ್ಟಮ್ಮನಿಗೆ ಅದು ಗೊತ್ತಿತ್ತು. ಅವಳಿಗೂ ಭಯವಿತ್ತು, ಇಲ್ಲವೆನ್ನುವ ಹಾಗಿರಲಿಲ್ಲ. ಪ್ರತಿ ವರ್ಷ ಕರಾರು ಮುಗಿಯುವ ತಿಂಗಳಲ್ಲಿ ಅವಳಿಗೆ ಊಟ ಸೇರುತ್ತಿರಲಿಲ್ಲ.

"ಹಾಕಿದ್ರೆ ಇನ್ನೊಂದು ಮನೆ ನೋಡ್ತೀನಿ. ನೀನು ಕೊಂಡೆ, ನಂಗೆ ಸಂತೋಷ. ಆದ್ರೆ ನಾನು ಹೆದರ್ಕೊಂಡು ಮನೆ ಕೊಳ್ಳಲ್ಲ. ಅಮ್ಮ ನಮ್ಮಿಬ್ಬರ ಪಾಲಿನದನ್ನೂ ಸೇರಿಸಿ ಹೆದರಿದ್ದಾಳೆ."

ಅಕ್ಕನ ಕಣ್ಣು ತುಂಬಿತು. ಅವಳಿಗೆ ಅಳು ಬಂದರೆ ಅದರ ಹಿಂದೆಯೇ ಸಿಟ್ಟೂ ಬರುತ್ತಿತ್ತು. "ಹಾಗಾದ್ರೆ ಫೋಟೋನೂ ತಗೊಂಡು ಹೋಗು. ಹೋಗಿ ಮತ್ತೆ ಬೀರು ಮೇಲೆ ಇಡು. ನಿನ್ನ ಬಾಡಿಗೆ ಮನೇಲಿ ಅಮ್ಮನಿಗೆ ಇನ್ನೇನು ಜಾಗ ಇದೆ?"

ಬಸ್ಸಿನಲ್ಲಿ ಕಟ್ಟಮ್ಮ ಫೋಟೋವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅಕ್ಕ ಹೇಳಿದ್ದು ನಿಜವೇ ಆಗಿತ್ತು, ಅದೇ ಅವಳಿಗೆ ಉರಿ. ಮನೆ ತಲುಪಿದ್ದೇ ಚಪ್ಪಲಿಯನ್ನೂ ಕಳಚದೆ ಸುತ್ತಿಗೆ ತೆಗೆದಳು.

"ಏನೇ ಮಾಡ್ತಿದೀಯ? ಯಜಮಾನಿಗೆ ಕೇಳಿಸುತ್ತೆ" ಎಂದ ಗಂಡ.

"ಕೇಳಿಸಲಿ ಅಂತಾನೇರೀ. ಸ್ಟೂಲ್ ಹಿಡ್ಕೊಳ್ಳಿ."

ತಟ್ಟಿದಳು. ಹಳೆಯ ಇಟ್ಟಿಗೆ ಗೋಡೆ, ಎಲ್ಲಿ ಗಾರೆ ಪೊಳ್ಳು ಎಲ್ಲಿ ಗಟ್ಟಿ ಎಂಬುದು ಅವಳಿಗೆ ಒರಗಿ ಕೂತು ಕೂತೇ ತಿಳಿದಿತ್ತು. ಈ ಯಜಮಾನಿ ಮನೆಯನ್ನು ಕೊಂಡದ್ದು ಆಮೇಲೆ, ಅದರೊಳಗೆ ಕಟ್ಟಮ್ಮ ಸಂಸಾರ ಹೂಡಿ ಎಷ್ಟೋ ಕಾಲವಾದ ನಂತರ. ಮೊಳೆ ಒಂದೇ ಮನಸ್ಸಿನಿಂದ ಒಳಗೆ ಹೋಯಿತು. ಅಮ್ಮನನ್ನು ತೂಗುಹಾಕಿ, ಚೌಕಟ್ಟಿನ ಮೇಲೆ ರಸಮಟ್ಟವಿಟ್ಟು, ಅದರ ಗಾಜಿನ ಕೊಳವೆಯ ಗುಳ್ಳೆ ನಡುವಿಗೆ ಬರುವವರೆಗೆ ಸರಿಪಡಿಸಿ ಇಳಿಯುವಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು.

ಯಜಮಾನಿ ಹೊಸ್ತಿಲಲ್ಲಿ ನಿಂತರು. "ಕರಾರು ಓದಿಲ್ವೇನಮ್ಮ?"

"ಓದಿದೀನಿ. ಆ ಸಾಲು ಹೊಡೆದುಹಾಕಿ. ಇನ್ನು ವರ್ಷವರ್ಷದ ಕರಾರೂ ಬೇಡ, ಹತ್ತು ವರ್ಷಕ್ಕೆ ಬರೆದುಕೊಡಿ. ಆಗಲ್ಲ ಅಂದ್ರೆ ಈಗಲೇ ಹೇಳಿ, ಗಂಟುಮೂಟೆ ಕಟ್ತೀನಿ. ಮೊಳೆ ಮಾತ್ರ ನಾನು ಕೀಳಲ್ಲ."

ಡ್ರೈವರ್ ಸ್ಟೂಲನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದ, ಮೇಲೆ ಯಾರೂ ಇಲ್ಲದಿದ್ದರೂ. ಯಜಮಾನಿ ಕತ್ತು ಓರೆಮಾಡಿ ನೋಡಿದರು. "ಫೋಟೋ ವಾರೆ ಇದೆ."

"ಫೋಟೋ ನೆಟ್ಟಗಿದೆ. ನಿಮ್ಮ ಗೋಡೆ ವಾರೆ."

ಆಗ ಫೋನ್ ಬಂತು. ಅಕ್ಕ. "ಬೀರು ಮೇಲೆ ಇಟ್ಟೆ ತಾನೆ?"

"ಇಲ್ಲ. ಗೋಡೆ ಮೇಲಿದಾಳೆ."

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು. "ಆ ಯಮ್ಮ ಏನಂದ್ಲು?"

"ಇಲ್ಲೇ ನಿಂತಿದಾರೆ, ನೀನೇ ಕೇಳು" ಎಂದು ಕಟ್ಟಮ್ಮ ಫೋನನ್ನು ಯಜಮಾನಿಯ ಕೈಗೆ ಕೊಟ್ಟುಬಿಟ್ಟಳು.

ಯಜಮಾನಿ ಫೋನನ್ನು ಕಿವಿಗಿಟ್ಟವರು ಕಿವಿಯಿಂದ ಒಂದು ಗೇಣು ದೂರ ಹಿಡಿದರು. "ಹೂಂ… ಹೌದಮ್ಮ… ಇಲ್ಲಮ್ಮ, ನಾನ್ಯಾಕೆ ಬೀದಿಗೆ ಹಾಕಲಿ… ಕಂಬಳಿನಾ? ಯಾವ ಕಂಬಳಿ?… ಹೂಂ." ಆಮೇಲೆ ಅವರು ಹೂಂ ಎನ್ನುವುದನ್ನೂ ಬಿಟ್ಟು ಸುಮ್ಮನೆ ಕೇಳಿದರು. ಕೇಳುತ್ತಾ ಕೇಳುತ್ತಾ ಗೋಡೆಯ ಮೇಲಿನ ಮುಖವನ್ನು ನೋಡಿದರು. ಈ ಸಲ ಕತ್ತು ಓರೆಮಾಡಲಿಲ್ಲ.

"ಯಾರದು?" ಎಂದರು ಫೋನ್ ವಾಪಸು ಕೊಡುತ್ತಾ.

"ಅಕ್ಕ. ನನ್ನ ಸಾಕಿದೋಳು."

"ಗೊತ್ತಾಗುತ್ತೆ ಬಿಡು." ಯಜಮಾನಿ ಎರಡು ಮೆಟ್ಟಿಲು ಹತ್ತಿ ಮತ್ತೆ ತಿರುಗಿದರು. "ಹತ್ತು ವರ್ಷಕ್ಕೇ ಬರೀತೀನಿ. ಆದ್ರೆ ನೋಡಮ್ಮ, ಇದೊಂದೇ ಮೊಳೆ. ಆಯ್ತಾ?"

ಕಟ್ಟಮ್ಮ ಆಗಲೇ ಎದುರಿನ ಗೋಡೆಯನ್ನು ತಟ್ಟುತ್ತಿದ್ದಳು, ಎರಡನೆಯ ಮೊಳೆ ತುಟಿಗಳ ನಡುವೆ ಇತ್ತು.