ಅಳಿಸು ಎಂಬ ಗುಂಡಿ

ಒಬ್ಬರೇ ಕೂತು ಆ್ಯಪ್ ಕಟ್ಟುವವರಿಗೆ ಒಂದು ಕಾಯಿಲೆ ಬರುತ್ತದೆ. ಜ್ವರವಿರುವುದಿಲ್ಲ, ಕೆಮ್ಮಿರುವುದಿಲ್ಲ. ಫೋನ್ ತೆಗೆದು ನೋಡುತ್ತಾರೆ, ಕೆಳಗಿಡುತ್ತಾರೆ, ಹಲ್ಲುಜ್ಜುತ್ತಾ ಮತ್ತೆ ತೆಗೆದು ನೋಡುತ್ತಾರೆ. ಹೊಸದಾಗಿ ಯಾರಾದರೂ ಬಂದರೇ? ನಿನ್ನೆ ಬಂದವರು ಇವತ್ತು ಇದ್ದಾರೆಯೇ? ನಿಮ್ಮ ಮನೆಯಲ್ಲಿ ಅಂಥವರು ಇದ್ದರೆ ಈ ಕಥೆಯನ್ನು ಅವರಿಗೆ ಓದಿ ಹೇಳಿ.

ಸ್ಕೂಟರ್ ರಿಪೇರಿ ಅಂಗಡಿಯ ಮೇಲಿನ ಮನೆಯಲ್ಲಿ ಇಂಥ ಒಬ್ಬನಿದ್ದ. ತಲೆಯಲ್ಲಿ ನರೆಗೂದಲು ಇಣುಕಿದ್ದರೂ ದೊಡ್ಡಮ್ಮನ ಬಾಯಲ್ಲಿ ಅವನು ಇನ್ನೂ ಮರಿಯೇ. ನಾವೂ ಹಾಗೆಯೇ ಕರೆಯೋಣ. ಕಂಪನಿ ಕೆಲಸ ಬಿಟ್ಟು ಮರಿ ಒಂದು ಆ್ಯಪ್ ಮಾಡಿದ್ದ. ಮಾತ್ರೆ ನುಂಗುವ ಹೊತ್ತಿಗೆ ಫೋನ್ ಟಿಣ್ ಟಿಣ್ ಎನ್ನುವ ಬದಲು ನಮ್ಮವರ ದನಿ ಕೇಳಿಸುತ್ತದೆ. ಮಗಳದೋ, ಗಂಡನದೋ, ಗೆಳತಿಯದೋ ಮಾತನ್ನು ಮೊದಲೇ ರೆಕಾರ್ಡ್ ಮಾಡಿ ಇಟ್ಟುಕೊಳ್ಳಬೇಕು. "ತಗೊಂಡೆ" ಎಂಬ ಗುಂಡಿ ಒತ್ತುವವರೆಗೆ ಆ ದನಿ ಸ್ವಲ್ಪ ಹೊತ್ತಿಗೊಮ್ಮೆ ಮತ್ತೆ ಕರೆಯುತ್ತದೆ. ಚಿತ್ರ ಬಿಡಿಸಿದ್ದೂ ಅವನೇ, ಕೋಡ್ ಬರೆದದ್ದೂ ಅವನೇ, ಗುಂಡಿಗಳ ಮೇಲಿನ ಕನ್ನಡವೂ ಅವನದೇ.

ಜನ ಬರುತ್ತಿದ್ದರು, ಒಂದೆರಡು ದಿನ ಇದ್ದು ಹೇಳದೆ ಕೇಳದೆ ಹೋಗಿಬಿಡುತ್ತಿದ್ದರು. ಎಲ್ಲೋ ಒಂದು ಮನೆಯಲ್ಲಿ, ಯಾರಾದರೂ ಒಬ್ಬರು, ತನ್ನ ಆ್ಯಪ್‌ಗಾಗಿ ಕಾಯುತ್ತಾ ಕೂರಬೇಕು. ಮರಿಗೆ ಇದ್ದದ್ದು ಅದೊಂದೇ ಆಸೆ. ಅದು ಅವನನ್ನು ಊಟಕ್ಕೆ ಕೂತಾಗಲೂ ಬಿಡುತ್ತಿರಲಿಲ್ಲ.

ಅವನ ಹೆಂಡತಿ ಒಂದು ಕಂಪನಿಯಲ್ಲಿ ಟೆಸ್ಟರ್. ಬೇರೆಯವರು ಮಾಡಿದ ಆ್ಯಪ್‌ಗಳಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಮನೆಗೆ ಬಂದ ಮೇಲೂ ಅದೇ ಕೆಲಸ ಎಂದು ಮರಿ ಗೆಳೆಯರ ಹತ್ತಿರ ಗೊಣಗುತ್ತಿದ್ದ.

"ಯಾರ ಪಕ್ಕನಾದ್ರೂ ಹೋಗಿ ಕೂತ್ಕೋ," ಎಂದಳು ಅವಳು ಒಂದು ಸಂಜೆ. "ಫೋನ್ ಅವರ ಕೈಲಿ ಕೊಡು. ನೀನು ಬಾಯಿ ಬಿಡಬೇಡ. ಅವರು ಎಲ್ಲಿ ತಡವರಿಸ್ತಾರೆ ಅಂತ ನೋಡು, ಸಾಕು."

"ಅಷ್ಟು ಸುಲಭ ಮಾಡಿದೀನಿ. ಅದರಲ್ಲಿ ನೋಡೋಕೇನಿದೆ?"

"ಸುಲಭ ಅಂತ ಹೇಳ್ತಿರೋನು ಮಾಡಿದವನು ಕಣೋ. ಹಿಂದಿನ ಬೀದಿಲಿ ದೊಡ್ಡಮ್ಮ ಇಲ್ವಾ? ಅವರ ಹತ್ರಾನೇ ಹೋಗು."

"ದೊಡ್ಡಮ್ಮ ದಿನಾ ಬಳಸ್ತಾರೆ. ಅವರಿಗೇನೂ ತೊಂದರೆ ಇಲ್ಲ."

"ಕೇಳಿದ್ಯಾ?"

"ಇದ್ರೆ ಅವರೇ ಹೇಳ್ತಿರಲಿಲ್ವಾ?"

"ಇನ್ನೊಂದು ವಿಷಯ. ಏನನ್ನಾದ್ರೂ ತೆಗೆದುಹಾಕೋ ಮುಂಚೆ ನಿನ್ನ ಆ್ಯಪ್ ಒಂದು ಮಾತೂ ಕೇಳಲ್ಲ. ಕೇಳೋ ಹಾಗೆ ಮಾಡು."

"ಹೆಜ್ಜೆ ಹೆಜ್ಜೆಗೂ ಕೇಳ್ತಾ ಇದ್ರೆ ಜನ ಬೇಜಾರಾಗಿ ಓಡಿಹೋಗ್ತಾರೆ."

"ಈಗ ಓಡದೆ ನಿಂತಿದಾರಾ?"

ಮರಿ ಮುಖ ಊದಿಸಿಕೊಂಡು ರೂಮಿಗೆ ಹೋದ. ಆ ವಾರವೆಲ್ಲ ಆ್ಯಪ್‌ನ ಬಣ್ಣವನ್ನು ನೀಲಿಯಿಂದ ಹಸಿರಿಗೆ ಬದಲಾಯಿಸುತ್ತಾ ಕಳೆದ.

ದೊಡ್ಡಮ್ಮನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ದೊಡ್ಡಪ್ಪ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಿದ್ದವರು. ಮರಿ ಆ್ಯಪ್ ಮಾಡಿದಾಗ ಎಲ್ಲರಿಗಿಂತ ಮೊದಲು ದನಿ ಕೊಟ್ಟವರು ಅವರೇ. "ಏ ಇವಳೇ, ಬಿಳಿ ಮಾತ್ರೆ ನುಂಗಿದ್ಯಾ? ನೀರು ಜಾಸ್ತಿ ಕುಡಿ, ನಾಲಿಗೆ ಒದ್ದೆ ಮಾಡ್ಕೊಂಡ್ರೆ ಸಾಲದು." ರೆಕಾರ್ಡ್ ನಿಂತಿತೋ ಇಲ್ಲವೋ ಎಂದು ತಿಳಿಯದೆ ಕೊನೆಗೆ ಮೆಲ್ಲಗೆ "ಆಯ್ತಾ ಮರಿ?" ಎಂದಿದ್ದೂ ಅದರಲ್ಲಿ ಸೇರಿಕೊಂಡಿತ್ತು. ತೆಗೆಯೋಣವೆಂದರೆ ದೊಡ್ಡಮ್ಮ ಬಿಟ್ಟಿರಲಿಲ್ಲ. ಹೋದ ವರ್ಷ ದೊಡ್ಡಪ್ಪ ತೀರಿಕೊಂಡರು. ದನಿ ಮಾತ್ರ ಬೆಳಿಗ್ಗೆ ಸಂಜೆ ತಪ್ಪದೆ ಬರುತ್ತಿತ್ತು.

ಒಂದು ಬೆಳಿಗ್ಗೆ ದೊಡ್ಡಮ್ಮ ಫೋನ್ ಮಾಡಿದರು.

"ಮರಿ, ನಿಮ್ಮ ದೊಡ್ಡಪ್ಪ ಮಾತಾಡ್ತಾ ಇಲ್ಲ."

"ಸೌಂಡ್ ಕಮ್ಮಿ ಆಗಿರುತ್ತೆ. ಬಂದೆ ಇರಿ," ಎಂದು ಮರಿ ಚಪ್ಪಲಿ ಮೆಟ್ಟಿಕೊಂಡು ಹೊರಟ.

ದೊಡ್ಡಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದರು. ಮಾತ್ರೆ ಡಬ್ಬಿಯ ಮುಚ್ಚಳ ತೆರೆದಿತ್ತು, ಲೋಟದಲ್ಲಿ ನೀರು ಬಗ್ಗಿಸಿಟ್ಟಿದ್ದರು. ಮರಿ ಫೋನ್ ಎತ್ತಿಕೊಂಡು ನೋಡಿದ. ದೊಡ್ಡಪ್ಪನ ಫೋಟೋ ಇರಬೇಕಾದ ಜಾಗದಲ್ಲಿ ಖಾಲಿ ವೃತ್ತವಿತ್ತು. ಅದರ ಕೆಳಗೆ "ದನಿ ಇಲ್ಲ, ಹೊಸದನ್ನು ಸೇರಿಸಿ" ಎಂದಿತ್ತು.

"ದೊಡ್ಡಮ್ಮ, ನಿನ್ನೆ ಏನಾದ್ರೂ ಒತ್ತಿದ್ರಾ?"

"ನಾನೇನು ಒತ್ತಲಿ. ಅವರ ಫೋಟೋ ಮೇಲೆ ಬೆರಳಿಟ್ಟೆ. ಬೆರಳು ತೆಗೆಯೋಕೆ ಮನಸ್ಸಾಗಲಿಲ್ಲ, ಹಾಗೇ ಇಟ್ಕೊಂಡು ಕೂತಿದ್ದೆ. ಆಗ ಕೆಳಗೆ ಎರಡು ಮಾತು ಬಂತು. ಉಳಿಸು, ಅಳಿಸು ಅಂತ."

ಫೋಟೋವನ್ನು ಒತ್ತಿ ಹಿಡಿದರೆ ಆ ಎರಡು ಗುಂಡಿ ಮೂಡುವಂತೆ ಮಾಡಿದ್ದು ಮರಿಯೇ. ಜಾಗ ಕಮ್ಮಿ ಸಾಕು, ನೋಡಲು ಚೆಂದ ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡಿದ್ದ.

"ಯಾವುದು ಒತ್ತಿದ್ರಿ?"

"ಅಳಿಸು."

"ಯಾಕೆ ದೊಡ್ಡಮ್ಮ?"

ದೊಡ್ಡಮ್ಮ ಕನ್ನಡಕ ತೆಗೆದು ಒರೆಸಿ, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡರು.

"ಅವರು ಹೋದಾಗಿಂದ ನಂಗೆ ಅಳು ಬಂದಿಲ್ಲ ಮರಿ. ಎಲ್ಲರೂ ಬಂದು ಅತ್ತು ಹೋದ್ರು. ನಾನು ಬಂದೋರಿಗೆ ಕುರ್ಚಿ ಹಾಕ್ತಾ ಓಡಾಡಿದೆ. ಆಮೇಲೆ ಅಳೋಣ ಅಂದ್ರೆ ಬರ್ಲೇ ಇಲ್ಲ. ಎದೆ ಮೇಲೆ ಕಲ್ಲು ಹೇರಿದ ಹಾಗಿದೆ. ನಿನ್ನೆ ನೋಡಿದ್ರೆ ಅಳಿಸು ಅಂತ ಬರೆದಿತ್ತು. ನನ್ನ ಸಂಕಟ ಗೊತ್ತಾಗಿ ನೀನೇ ಮಾಡಿಟ್ಟಿದೀಯ ಅಂದ್ಕೊಂಡೆ. ಅವರು ನಂಗೆ ಹೇಳದೆ ನಿನ್ನ ಹತ್ರ ಏನೋ ಹೇಳಿಟ್ಟಿರಬೇಕು, ಕೇಳಿದ್ರೆ ಅಳು ಬರೋ ಅಂಥದ್ದು. ಅಳಿಸ್ಲಿ ಅಂತ ಒತ್ತಿದೆ. ಏನೂ ಬರಲಿಲ್ಲ. ಬೆಳಿಗ್ಗೆ ಬರ್ತಾರೇನೋ ಅಂತ ಕಾದೆ."

ಹಲಗೆಯ ಮೇಲೆ ಬರೆದದ್ದನ್ನೂ ಅಳಿಸುತ್ತೇವೆ, ಆಡುವ ಮಗುವನ್ನೂ ಗೋಳು ಹುಯ್ದುಕೊಂಡು ಅಳಿಸುತ್ತೇವೆ. ಮಾತು ಒಂದೇ. ಮಾತು ಕಲಿತಾಗಿನಿಂದ ಎರಡನ್ನೂ ಆಡುತ್ತಾ ಬಂದ ಮರಿಗೆ, ಗುಂಡಿಯ ಮೇಲೆ ಬರೆಯುವಾಗ ಒಂದು ಅರ್ಥ ಮಾತ್ರ ನೆನಪಾಗಿತ್ತು. ಮನೆಗೆ ತಗೊಂಡು ಹೋಗಿ ನೋಡ್ತೀನಿ ಎಂದಷ್ಟೇ ಹೇಳಿ ಫೋನ್ ಹಿಡಿದು ಬಂದ.

ಹೆಂಡತಿ ರಜೆ ಹಾಕಿ ಕೂತಳು. ಫೋನನ್ನು ಕಂಪ್ಯೂಟರಿಗೆ ಜೋಡಿಸಿ ಇಬ್ಬರೂ ಮೂಲೆ ಮೂಲೆ ಜಾಲಾಡಿದರು. "ನಿಮ್ಮವರ ದನಿ ನಿಮ್ಮ ಫೋನ್ ಬಿಟ್ಟು ಎಲ್ಲಿಗೂ ಹೋಗದು" ಎಂದು ಮರಿ ಆ್ಯಪ್‌ನ ಹಣೆಯ ಮೇಲೇ ಬರೆದಿದ್ದ. ಆ ಮಾತನ್ನು ಅವನು ಉಳಿಸಿಕೊಂಡಿದ್ದ. ಇನ್ನೆಲ್ಲಿಯೂ ದೊಡ್ಡಪ್ಪನ ದನಿಯ ಪ್ರತಿ ಇರಲಿಲ್ಲ.

"ಸಿಗಲ್ಲ ಕಣೋ," ಎಂದಳು ಹೆಂಡತಿ. ನಾನು ಮೊದಲೇ ಹೇಳಿದ್ದೆ ಎಂಬ ಮಾತು ಅವಳ ನಾಲಿಗೆಯ ತುದಿಗೂ ಬರಲಿಲ್ಲ. "ನಾನು ಹೋಗಿ ಹೇಳ್ಲಾ?"

"ಬೇಡ. ನಾನೇ ಹೇಳ್ತೀನಿ. ನೀನೂ ಜೊತೆಗೆ ಬಾ."

ಮರಿ ಸುತ್ತಿ ಬಳಸದೆ ಹೇಳಿದ. ದೊಡ್ಡಮ್ಮ ಕೇಳಿಸಿಕೊಂಡು, "ಆಸ್ಪತ್ರೆ ಲಿಫ್ಟಲ್ಲಿ ಅಷ್ಟು ವರ್ಷ ಮಾತಾಡಿದಾರಲ್ಲ, ಅಲ್ಲೇನಾದ್ರೂ ಇರುತ್ತಾ?" ಎಂದರು.

"ಇಲ್ಲ ದೊಡ್ಡಮ್ಮ. ಅದನ್ನ ಯಾರೂ ಇಟ್ಕೊಂಡಿಲ್ಲ."

"ಎಲ್ಲೂ ಇಲ್ವಾ?"

"ಇಲ್ಲ."

ಆಗ ದೊಡ್ಡಮ್ಮ ಅತ್ತರು. ಒಂದು ವರ್ಷದ ಅಳು, ತಡೆಯುವವರಿಲ್ಲದೆ ಬಂತು. ಮರಿಯ ಹೆಂಡತಿ ಅವರ ಬೆನ್ನು ಸವರುತ್ತಾ ಕೂತಳು. ಮರಿ ಗೋಡೆಗೆ ಮುಖ ಮಾಡಿ ನಿಂತು ತಾನೂ ಅತ್ತ. ಎಷ್ಟೋ ಹೊತ್ತಿನ ಮೇಲೆ ದೊಡ್ಡಮ್ಮ ಮೂಗು ಒರೆಸಿಕೊಂಡು, "ನಿನ್ನ ಗುಂಡಿ ಸುಳ್ಳು ಹೇಳಲಿಲ್ಲ ಬಿಡು ಮರಿ. ಅಳಿಸ್ತು," ಎಂದರು.

ಮತ್ತೆ ಅವರೇ ಹೇಳಿದರು: "ನಾನು ಒಂದು ದಿನವೂ ಮೊದಲನೇ ಸಲಕ್ಕೆ ತಗೊಂಡೆ ಅಂತ ಒತ್ತಿದವಳಲ್ಲ. ಒತ್ತಿದ್ರೆ ಸುಮ್ಮನಾಗಿಬಿಡ್ತಾರಲ್ಲ. ಮಾತ್ರೆ ನುಂಗಿ, ಒತ್ತದೆ ಕೂತಿರ್ತಿದ್ದೆ. ಇನ್ನೊಂದು ಸಲ ಕರೀಲಿ ಅಂತ."

ತನ್ನ ಆ್ಯಪ್‌ಗಾಗಿ ಯಾರಾದರೂ ಕಾಯಲಿ ಎಂದು ಮರಿ ಎಷ್ಟು ಹಂಬಲಿಸಿದ್ದ. ಕಾಯುವವರು ಹಿಂದಿನ ಬೀದಿಯಲ್ಲೇ ಇದ್ದರು, ದಿನಕ್ಕೆ ಎರಡು ಹೊತ್ತು ಕಾಯುತ್ತಿದ್ದರು. ಒಂದೇ ಒಂದು ಸಲ ಅವನು ಅವರ ಪಕ್ಕ ಕೂತಿರಲಿಲ್ಲ.

ಮಾರನೆಯ ದಿನದಿಂದ ಕೂತ. ಫೋನ್ ದೊಡ್ಡಮ್ಮನ ಕೈಯಲ್ಲಿ, ಬೀಗ ಮರಿಯ ಬಾಯಿಗೆ. ದೊಡ್ಡಮ್ಮ ಒಂದೊಂದು ಗುಂಡಿಯನ್ನೂ ಜೋರಾಗಿ ಓದಿದರು.

"ಸಲ್ಲಿಸು. ಯಾರಿಗೆ ಸಲ್ಲಿಸಬೇಕು? ನಾನೇನು ಅರ್ಜಿ ಕೊಡ್ತಿದೀನಾ?"

ಮರಿ ಬಾಯಿ ತೆರೆದ. ಹೆಂಡತಿ ಅವನ ಕಾಲು ತುಳಿದಳು.

"ರದ್ದು. ಅಯ್ಯೋ, ನನ್ನ ಮಾತ್ರೆನೇ ರದ್ದಾ? ಡಾಕ್ಟರು ಹೇಳಬೇಕಾದ್ದನ್ನ ಇದು ಹೇಳುತ್ತಲ್ಲ."

ಒಂದೊಂದೇ ಮಾತು ಬದಲಾಯಿತು. "ಸಲ್ಲಿಸು" ಹೋಗಿ "ಸರಿ, ಇಷ್ಟೇ" ಬಂತು, "ರದ್ದು" ಹೋಗಿ "ಬೇಡ, ಹಿಂದೆ ಹೋಗು" ಬಂತು. "ಅಳಿಸು" ಹೋದ ಜಾಗದಲ್ಲಿ "ಈ ದನಿ ತೆಗೆದುಹಾಕು" ಎಂದಾಯಿತು. ಅದನ್ನು ಒತ್ತಿದರೆ ಆ್ಯಪ್ ಈಗ ನಿಂತು ಕೇಳುತ್ತದೆ: "ಇವರ ದನಿ ಇನ್ನು ಕೇಳಿಸುವುದಿಲ್ಲ. ತೆಗೆಯಲೇ?" ಹೂಂ ಎಂದರೂ ಒಂದು ತಿಂಗಳು ಅದನ್ನು ಒಂದು ಮೂಲೆಯಲ್ಲಿ ಇಟ್ಟುಕೊಂಡಿರುತ್ತದೆ. ಬೇಕೆಂದವರು ಅದರ ಇನ್ನೊಂದು ಪ್ರತಿಯನ್ನು ಮನೆಯವರ ಫೋನಿಗೂ ಕಳಿಸಿಡಬಹುದು. ಇದಕ್ಕೆಲ್ಲ ಮರಿಗೆ ಬೇಕಾದದ್ದು ಬಣ್ಣ ಬದಲಾಯಿಸಲು ಹಿಡಿದಷ್ಟೇ ಹೊತ್ತು. ಅದು ಅವನನ್ನು ಚುಚ್ಚುತ್ತಲೇ ಇತ್ತು.

"ನಿಮಗೆ ನನ್ನ ದನಿ ತುಂಬಿಕೊಡ್ಲಾ ದೊಡ್ಡಮ್ಮ?" ಎಂದು ಕೇಳಿದ್ದಕ್ಕೆ, "ಬೇಡ ಮರಿ. ಮಾತ್ರೆ ಹೊತ್ತಿಗೆ ಬರೀ ಬೆಳಕು ಬರೋ ಹಾಗೆ ಮಾಡು. ಮಾತಿಗೆ ಬೇರೆಯವರು ಬೇಡ," ಎಂದರು. ಅದನ್ನೂ ಮಾಡಿದ.

ದೊಡ್ಡಮ್ಮ ಬಿ.ಪಿ. ನೋಡಿಸಿಕೊಳ್ಳುವ ಕ್ಲಿನಿಕ್ಕಿನ ಬೆಂಚಿನಲ್ಲಿ ಈಗ ಮರಿಯನ್ನು ಕಾಣಬಹುದು. ಒಪ್ಪಿದವರ ಪಕ್ಕ ಕೂರುತ್ತಾನೆ, ಬಾಯಿ ಬಿಡದೆ ನೋಡುತ್ತಾನೆ, ಮನೆಗೆ ಬಂದು ತಿದ್ದುತ್ತಾನೆ. ಬಂದವರು ಈಗ ಹೇಳದೆ ಕೇಳದೆ ಹೋಗುತ್ತಿಲ್ಲ, ಅಕ್ಕನಿಗೆ, ಬೀಗಿತ್ತಿಗೆ ಹೇಳುತ್ತಿದ್ದಾರೆ. ಆ್ಯಪ್ ನಿಧಾನವಾಗಿ ಬೆಳೆಯುತ್ತಿದೆ. "ಒಂದು ಮಾತು ಬರೆದೆ ಅಂದ್ರೆ ಯಾರಾದ್ರೂ ಜೋರಾಗಿ ಓದೋವರೆಗೂ ನಂಗೆ ಸಮಾಧಾನ ಇಲ್ಲ," ಎನ್ನುತ್ತಾನೆ ಹೆಂಡತಿಗೆ. ಇಷ್ಟು ವರ್ಷ ಹೇಳಿದ್ದು ಯಾರು ಎಂದು ಅವಳು ಹುಬ್ಬು ಹಾರಿಸುತ್ತಾಳೆ.

ಮೊನ್ನೆ ಅದೇ ಬೆಂಚಿನಲ್ಲಿ ಒಬ್ಬ ಟೀಚರಮ್ಮ ದೊಡ್ಡಮ್ಮನನ್ನು ಕೇಳಿದರು: "ನಿಮ್ಮ ಯಜಮಾನರ ದನಿ ಹೇಗಿತ್ತು?"

"ಸ್ವಲ್ಪ ಒರಟು," ಎಂದರು ದೊಡ್ಡಮ್ಮ. "ಒರಟು ಅಂದ್ರೆ ಅಷ್ಟು ಒರಟಲ್ಲ. ನನ್ನ ಕರೆಯೋವಾಗ ಒಂಥರಾ..." ಆಡಿ ತೋರಿಸಲು ಬಾಯಿ ತೆರೆದರು. ಆ ದನಿ ಬರಲಿಲ್ಲ. ಇನ್ನೊಮ್ಮೆ ನೋಡಿದರು, ಆಗಲಿಲ್ಲ.

"ಹೇಳೋಕೆ ಬರಲ್ಲಮ್ಮ," ಎಂದರು. "ನಿಮ್ಮವರು ಇದಾರಲ್ಲ, ಇವತ್ತೇ ಹೋಗಿ ತುಂಬಿಸ್ಕೊಳ್ಳಿ. ಎರಡು ಕಡೆ ಇಡಿ."

ಒಬ್ಬರೇ ಆ್ಯಪ್ ಕಟ್ಟುತ್ತಿರುವವರೇ, ಈ ಮಾತು ನಿಮಗೆ. ನೀವು ಬರೆದ ಪ್ರತಿಯೊಂದು ಗುಂಡಿಯನ್ನೂ ಬೇರೆಯವರ ಬಾಯಿಂದ ಓದಿಸಿ. ಯಾವುದನ್ನೇ ತೆಗೆಯುವ ಮುಂಚೆ ಕೇಳಿ, ತೆಗೆದದ್ದನ್ನು ಕೆಲವು ದಿನ ಜೋಪಾನವಾಗಿಡಿ. ಬಳಸುವವರೇ, ತಿಳಿಯದ ಗುಂಡಿ ಕಂಡರೆ ಒತ್ತುವ ಮೊದಲು ಮನೆಯವರನ್ನು ಕೇಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಆ್ಯಪ್ ಕಟ್ಟುವವರೇ, ನೀವು ಹಂಬಲಿಸುತ್ತಿರುವ ಆ ಒಬ್ಬರು ನಿಮ್ಮ ಬೀದಿಯಲ್ಲೇ ಇರಬಹುದು. ಎದ್ದು ಹೋಗಿ, ಪಕ್ಕದಲ್ಲಿ ಕೂತು, ಅವರ ದನಿ ಇರುವಾಗಲೇ ಕೇಳಿಸಿಕೊಳ್ಳಿ.